ನಡುಗುವ ಕೈಗೆ ತುಸು ಕಾಲಾವಕಾಶ

ಪ್ರತಿವರ್ಷ ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಮಧುಮೇಹ, ಹೃದ್ರೋಗ, ಕ್ಯಾನ್ಸರ್‌ಗಳಿಗೆ ಮೀಸಲಾದ ದಿನಗಳಂದು ನಮ್ಮ ಊರುಗಳಲ್ಲಿ ಜಾಥಾ ಹೊರಡುತ್ತದೆ, ತಪಾಸಣಾ ಶಿಬಿರ ನಡೆಯುತ್ತದೆ. ಈ ದಿನ ಮಾತ್ರ ಬಹುಮಟ್ಟಿಗೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲೇ ಜಗತ್ತಿನ 85 ಲಕ್ಷಕ್ಕೂ ಹೆಚ್ಚು ಮಂದಿ ಪಾರ್ಕಿನ್ಸನ್ ಕಾಯಿಲೆಯೊಡನೆ ಬದುಕುತ್ತಿದ್ದರು. ಇಪ್ಪತ್ತೈದು ವರ್ಷಗಳಲ್ಲಿ ಆ ಸಂಖ್ಯೆ ದುಪ್ಪಟ್ಟಾಗಿತ್ತು. ಇಷ್ಟು ಜನರನ್ನು ಕಾಡುವ ಕಾಯಿಲೆ ಇಷ್ಟೊಂದು ಅಪರಿಚಿತವಾಗಿ ಉಳಿಯಲು ಒಂದು ಕಾರಣವಿದೆ. ಪಾರ್ಕಿನ್ಸನ್ ಬಂದವರು ಮೆಲ್ಲಮೆಲ್ಲನೆ ಬೀದಿಯಿಂದ, ಬಸ್ಸಿನಿಂದ, ಮದುವೆ ಮನೆಯಿಂದ ಮರೆಯಾಗುತ್ತಾರೆ. ಕಣ್ಣಿಗೆ ಬೀಳದವರ ಕಾಯಿಲೆಯ ಬಗ್ಗೆ ಯಾರು ತಾನೆ ಮಾತನಾಡಿಯಾರು?

ಆರು ವರ್ಷಗಳಿಂದ ನಾನು ಈ ಕಾಯಿಲೆಯೊಡನೆ ಬದುಕುತ್ತಿದ್ದೇನೆ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ, ಹೆದ್ದಾರಿಯ ಮೇಲಿರುವ ಮಾಚೇನಹಳ್ಳಿ ನನ್ನ ಊರು. ಕೈಗಾರಿಕಾ ಪ್ರದೇಶ, ಹಾಲು ಒಕ್ಕೂಟದ ಡೇರಿ, ಮೀಸಲು ಪೊಲೀಸ್ ಪಡೆಯ ಬೆಟಾಲಿಯನ್ ಇವುಗಳಿಂದಾಗಿ ಸುತ್ತಲಿನವರಿಗೆ ಪರಿಚಿತವಾದ ಸ್ಥಳವಿದು. ಇಲ್ಲಿನದೊಂದು ಎರಕದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು ನಾನು. ನಕ್ಷೆಯ ಮೇಲೆ ಬರೆಯುತ್ತಿದ್ದ ಅಕ್ಷರಗಳು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗತೊಡಗಿದ್ದು ಮೊದಲ ಸುಳಿವು. ಎರಡನೆಯದನ್ನು ಗಮನಿಸಿದವಳು ನನ್ನ ಹೆಂಡತಿ. 'ರೀ, ನಡೆಯುವಾಗ ನಿಮ್ಮ ಬಲಗೈ ಯಾಕೆ ಬೀಸ್ತಾ ಇಲ್ಲ?' ಎಂದು ಒಂದು ಸಂಜೆ ಕೇಳಿದಳು. ನಡುಕ ಕಾಣಿಸಿಕೊಂಡದ್ದು ಅದಾಗಿ ಒಂದು ವರ್ಷದ ಬಳಿಕ. ನರರೋಗ ತಜ್ಞರು ಬೆರಳುಗಳನ್ನು ತಟ್ಟಿಸಿ, ಮೊಣಕೈ ಮಡಿಸಿ ಬಿಡಿಸಿ, ಕೊಠಡಿಯ ಉದ್ದಕ್ಕೂ ನಡೆಸಿ ನೋಡಿ ಕಾಯಿಲೆಯ ಹೆಸರು ಹೇಳಿದರು.

ನಡುಕವೊಂದೇ ಲಕ್ಷಣವಲ್ಲ

ಮೆದುಳಿನ ನಡುಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ, ಕಪ್ಪು ಛಾಯೆಯ ಪುಟ್ಟ ಪ್ರದೇಶವಿದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈ ಬೀಸಿ ನಡೆಯುವುದು, ಅಂಗಿಯ ಗುಂಡಿ ಹಾಕುವುದು, ನಿದ್ದೆಯಲ್ಲಿ ಮಗ್ಗುಲು ಬದಲಿಸುವುದು ಮುಂತಾಗಿ ನಾವು ಯೋಚಿಸದೆಯೇ ಮಾಡುವ ಚಲನೆಗಳೆಲ್ಲ ಸರಾಗವಾಗಿ ಸಾಗಲು ಈ ರಾಸಾಯನಿಕ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆ ಕೋಶಗಳು ಒಂದೊಂದಾಗಿ ನಶಿಸುತ್ತವೆ. ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕೋಶಗಳು ನಾಶವಾದ ಮೇಲಷ್ಟೇ ಲಕ್ಷಣಗಳು ಹೊರಗೆ ಕಾಣುತ್ತವೆ. ವಯಸ್ಸು, ಕೆಲವರಲ್ಲಿ ವಂಶವಾಹಿ, ಪ್ಯಾರಾಕ್ವಾಟ್‌ನಂತಹ ಕೃಷಿ ರಾಸಾಯನಿಕಗಳ ಒಡನಾಟ ಇವು ಅಪಾಯವನ್ನು ಹೆಚ್ಚಿಸುವ ಅಂಶಗಳೆಂದು ಅಧ್ಯಯನಗಳು ಹೇಳುತ್ತವೆ. ಇದು ಅಂಟುರೋಗವಂತೂ ಅಲ್ಲ.

ಎಲ್ಲ ರೋಗಿಗಳಿಗೂ ನಡುಕ ಇರುವುದಿಲ್ಲ. ಚಲನೆ ನಿಧಾನವಾಗುವುದು ಮತ್ತು ಸ್ನಾಯುಗಳು ಬಿಗಿಯುವುದು ಅದಕ್ಕಿಂತ ಮುಖ್ಯವಾದ ಲಕ್ಷಣಗಳು. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕಿರುಚಿ ಕೈಕಾಲು ಝಾಡಿಸುವುದು ಇವು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಮುಖದ ಸ್ನಾಯುಗಳು ಬಿಗಿದಾಗ ಮುಖ ಭಾವಶೂನ್ಯವಾಗಿ ಕಾಣುತ್ತದೆ. ದನಿ ತಗ್ಗುತ್ತದೆ. ಒಳಗೆ ನಗುತ್ತಿದ್ದರೂ ಎದುರಿನವರಿಗೆ ಸಿಡುಕನಂತೆ ತೋರುತ್ತೇವೆ.

ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿ ವೈದ್ಯನಾಗಿದ್ದವನು. 1755ರ ಏಪ್ರಿಲ್ 11 ಆತನ ಜನ್ಮದಿನ. 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆತ ಆರು ಮಂದಿಯ ವಿವರ ಕೊಟ್ಟಿದ್ದಾನೆ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಒಬ್ಬನನ್ನು ಆತ ದೂರದಿಂದ ನೋಡಿದ್ದನಷ್ಟೆ. ಜನ ದಿನವೂ ನೋಡಿ ಮುಂದೆ ಸಾಗುತ್ತಿದ್ದ ನಡಿಗೆಯನ್ನು ಒಬ್ಬ ವೈದ್ಯ ನಿಂತು ಗಮನಿಸಿದ್ದರಿಂದ ಕಾಯಿಲೆಗೆ ಹೆಸರು ಬಂದಿತು.

ಎರಡು ಶತಮಾನಗಳ ಬಳಿಕವೂ ನಮ್ಮ ಬೀದಿಗಳಲ್ಲಿ ಆ ಗಮನದ ಕೊರತೆ ಇದೆ. ತೂರಾಡಿ ನಡೆಯುವವನು ಕುಡಿದಿದ್ದಾನೆ, ಮಾತನಾಡಿಸಿದರೆ ನಗದವನು ಅಹಂಕಾರಿ, ಎದ್ದೇಳಲು ತಡಮಾಡುವವನು ಸೋಮಾರಿ. ಇವು ಪಾರ್ಕಿನ್ಸನ್ ಇರುವವರ ಹಣೆಗೆ ಊರು ಅಂಟಿಸುವ ಚೀಟಿಗಳು. ಭದ್ರಾವತಿಯಲ್ಲಿರುವ ನನ್ನ ಪರಿಚಿತರೊಬ್ಬರು ಬದುಕಿನಲ್ಲಿ ಮದ್ಯ ಮುಟ್ಟಿದವರಲ್ಲ. ಸಂತೆಯಲ್ಲಿ ಯಾರೋ ಹುಡುಗರು 'ಬೆಳಿಗ್ಗೆನೇ ಏರಿಸಿದಾನೆ' ಎಂದು ನಕ್ಕ ದಿನದಿಂದ ಅವರು ಹೊರಗೆ ಬರುವುದನ್ನೇ ಬಿಟ್ಟರು. ನಡಿಗೆ ನಿಂತಿತು, ಮಾತು ನಿಂತಿತು. ಎರಡೇ ವರ್ಷದಲ್ಲಿ ಹಾಸಿಗೆ ಹಿಡಿದರು. ಕಾಯಿಲೆ ಅವರಿಂದ ಕಿತ್ತುಕೊಂಡದ್ದೆಷ್ಟು, ಆ ಒಂದು ಮಾತು ಕಿತ್ತುಕೊಂಡದ್ದೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ.

ಎರಡು ನಿಮಿಷದ ಬೆಲೆ

ಇದು ಮೂಲತಃ ಸಮಯದ ಕಾಯಿಲೆ ಎಂದು ನನಗೆ ಅನ್ನಿಸಿದೆ. ಮಾಡಲಾಗದ ಕೆಲಸಗಳು ನನಗೆ ಈಗಲೂ ಕಡಿಮೆ. ಆದರೆ ಪ್ರತಿಯೊಂದಕ್ಕೂ ಹೆಚ್ಚು ಸಮಯ ಬೇಕು. ಲೋಕಕ್ಕೋ ಸದಾ ಅವಸರ. ನಮ್ಮ ಮದುವೆ ಊಟದ ಪಂಕ್ತಿಯನ್ನೇ ನೋಡಿ. ನಾನು ಸಾರನ್ನ ಮುಗಿಸುವಷ್ಟರಲ್ಲಿ ಪಂಕ್ತಿ ಮಜ್ಜಿಗೆಗೆ ಬಂದಿರುತ್ತದೆ, ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕಾದು ನಿಂತಿರುತ್ತಾರೆ. ಕಾಯಿಲೆ ಬಂದ ಬಹಳಷ್ಟು ಮಂದಿ ಶುಭಕಾರ್ಯಗಳಿಗೆ ಹೋಗುವುದನ್ನು ನಿಲ್ಲಿಸುವುದು ಇಂಥ ಮುಜುಗರದಿಂದ. ನಾನೀಗ ಕೊನೆಯ ಪಂಕ್ತಿಗೆ ಕೂರುತ್ತೇನೆ, ಚಮಚ ಕೇಳಿ ಪಡೆಯುತ್ತೇನೆ.

ನಿವೃತ್ತಿಯ ನಂತರ ಒಮ್ಮೆ ಬ್ಯಾಂಕೊಂದರಲ್ಲಿ ನನ್ನ ಸಹಿ ಹೊಂದುತ್ತಿಲ್ಲವೆಂದು ಹಣ ಕೊಡದೆ ಮೂರು ಬಾರಿ ಅಲೆಸಿದರು. ಕೈ ನಡುಗುವವರ ಸಹಿ ತಿಂಗಳಿಂದ ತಿಂಗಳಿಗೆ ಬದಲಾಗುವುದು ಸಹಜ. ಕಾಯಿಲೆಯಿಂದ ಸಹಿ ಮಾಡಲಾಗದ ಗ್ರಾಹಕರಿಂದ ಸಾಕ್ಷಿಗಳ ಸಮ್ಮುಖದಲ್ಲಿ ಹೆಬ್ಬೆಟ್ಟಿನ ಗುರುತು ಪಡೆಯಲು ಬ್ಯಾಂಕುಗಳ ನಿಯಮಗಳಲ್ಲೇ ಅವಕಾಶವಿದೆ. 2017ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಎಪ್ಪತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಲ್ಲೇ ಮೂಲಭೂತ ಸೇವೆ ನೀಡುವಂತೆ ಬ್ಯಾಂಕುಗಳಿಗೆ ಸೂಚಿಸಿತು. ನಿಯಮ ಇದ್ದರೆ ಸಾಲದು. ಕೌಂಟರಿನ ಆಚೆ ಕುಳಿತವರಿಗೆ ಕಾಯಿಲೆಯ ಪರಿಚಯವೂ ಇರಬೇಕು.

ಪರಿಚಯ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ–ಭದ್ರಾವತಿ ಬಸ್ಸು ಸಾಕ್ಷಿ. ಹತ್ತಿದೊಡನೆ ನಾನು ನಿರ್ವಾಹಕರಿಗೆ ಹೇಳಿಬಿಡುತ್ತೇನೆ: 'ನನಗೆ ಪಾರ್ಕಿನ್ಸನ್ ಕಾಯಿಲೆ. ಇಳಿಯೋಕೆ ಎರಡು ನಿಮಿಷ ಬೇಕು.' ಇದುವರೆಗೆ ಯಾರೂ ಗದರಿಲ್ಲ. 'ಅವಸರ ಬೇಡ ಯಜಮಾನ್ರೇ, ನಿಧಾನಕ್ಕೆ ಇಳೀರಿ' ಎಂದು ಚಾಲಕನಿಗೆ ಕೂಗಿ ಹೇಳಿ ನಿಲ್ಲಿಸಿಕೊಂಡವರೇ ಹೆಚ್ಚು. ಜನರಲ್ಲಿ ಕರುಣೆಗೆ ಕೊರತೆಯಿಲ್ಲ. ಎದುರಿಗಿರುವುದು ಏನೆಂದು ಅವರಿಗೆ ತಿಳಿಯಬೇಕಷ್ಟೆ.

ತಿಳಿವಳಿಕೆ ಇಲ್ಲದಿದ್ದರೆ ಒಂದು ಲೋಟ ನೀರೂ ದೊಡ್ಡ ಪ್ರಶ್ನೆಯಾಗುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ 2020ರ ನವೆಂಬರ್‌ನಲ್ಲಿ ವಿಚಾರಣಾಧೀನ ಕೈದಿಯಾಗಿ ತಲೋಜಾ ಜೈಲಿನಲ್ಲಿದ್ದರು. ಪಾರ್ಕಿನ್ಸನ್‌ನಿಂದ ಲೋಟ ಹಿಡಿಯಲಾಗದೆ, ನೀರು ಕುಡಿಯುವ ಕೊಳವೆ ಮತ್ತು ಮುಚ್ಚಳದ ಲೋಟಕ್ಕಾಗಿ ಅವರು ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಅವರ ಮೇಲಿದ್ದ ಪ್ರಕರಣದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅಗ್ಗದ ಕೊಳವೆಯೊಂದು ಈ ಕಾಯಿಲೆಯಲ್ಲಿ ಎಂಥ ಅಗತ್ಯ ಎಂಬುದು ದೇಶಕ್ಕೆ ತಿಳಿದದ್ದು ಆಗ. ಅವರು 2021ರ ಜುಲೈ 5ರಂದು ನಿಧನರಾದರು.

ಮಾತ್ರೆಯ ಪಾಳಿ

ಕಳೆದುಹೋದ ಡೋಪಮಿನ್‌ಗೆ ಬದಲಿಯಾಗಿ ಕೊಡುವ ಲೆವೊಡೋಪಾ ಇಂದಿಗೂ ಮುಖ್ಯ ಔಷಧಿ. 1960ರ ದಶಕದಿಂದ ಅದು ಲಕ್ಷಾಂತರ ಮಂದಿಯನ್ನು ಎಬ್ಬಿಸಿ ನಡೆಸಿದೆ. ಡೋಪಮಿನ್ ಕುರಿತ ಮೂಲ ಸಂಶೋಧನೆಗಾಗಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮಲೆನಾಡಿನವರಿಗೆ ಇದರಲ್ಲೊಂದು ಸ್ವಾರಸ್ಯವಿದೆ. ಮೈಗೆ ತಾಗಿದರೆ ನವೆ ಹುಟ್ಟಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಇದೇ ಲೆವೊಡೋಪಾ ಇದೆ. ಅದನ್ನು ಬೇರ್ಪಡಿಸಿದ ವರದಿ ಮದರಾಸಿನ ಸಂಶೋಧಕರಿಂದ 1937ರಲ್ಲೇ ಪ್ರಕಟವಾಗಿತ್ತು. ಆಯುರ್ವೇದ ಕಂಪವಾತಕ್ಕೆ ಈ ಬೀಜವನ್ನು ಬಳಸುತ್ತ ಬಂದಿದೆ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ, ಮಾತ್ರೆ ನುಂಗುತ್ತಿರುವವರು ವೈದ್ಯರಿಗೆ ತಿಳಿಸದೆ ಅದನ್ನೂ ಸೇವಿಸುವುದು ಅಪಾಯಕರ.

ಭದ್ರಾವತಿಯ ಕಾರ್ಖಾನೆಗಳ ನೆರೆಯಲ್ಲಿ ಬದುಕಿದವರಿಗೆ ಪಾಳಿಯ ಅರ್ಥ ಗೊತ್ತು. ನನ್ನ ದಿನವೂ ಮಾತ್ರೆಯ ಪಾಳಿಗಳಲ್ಲಿ ಸಾಗುತ್ತದೆ. ಮಾತ್ರೆ ಕೆಲಸ ಮಾಡುವಾಗ ಕೈಕಾಲು ಹಗುರ. ಅದರ ಬಲ ತೀರಿದಾಗ ವಿದ್ಯುತ್ ಹೋದ ಮನೆಯಂತೆ ಮೈ ಸ್ತಬ್ಧ. ಬೇಳೆ, ಮೊಟ್ಟೆ, ಹಾಲುಗಳ ಪ್ರೋಟೀನು ಮಾತ್ರೆಯ ಹೀರಿಕೆಗೆ ಅಡ್ಡಬರುವುದರಿಂದ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗುತ್ತೇನೆ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಬೇರೊಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದವರಿಗೆ ವಾರ್ಡಿನ ವೇಳಾಪಟ್ಟಿಗಿಂತ ರೋಗಿಯ ವೇಳಾಪಟ್ಟಿಯಂತೆ ಮಾತ್ರೆ ಸಿಗಬೇಕು. ಬ್ರಿಟನ್ನಿನ ರೋಗಿಗಳ ಸಂಘಟನೆ ಇದಕ್ಕಾಗಿ ಆಂದೋಲನವನ್ನೇ ನಡೆಸಿಕೊಂಡು ಬಂದಿದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಹೊಟ್ಟೆಯುಬ್ಬರಕ್ಕೆ ಕೊಡುವ ಲೆವೊಸಲ್ಪಿರೈಡ್ ಮುಂತಾದವು ಈ ಕಾಯಿಲೆಯನ್ನು ಉಲ್ಬಣಿಸಬಲ್ಲವು. ಕಾಯಿಲೆಯೇ ಇಲ್ಲದವರಲ್ಲೂ ಅದರಂತಹ ಲಕ್ಷಣಗಳನ್ನು ಹುಟ್ಟಿಸಬಲ್ಲವು. ಹಿರಿಯರಿಗೆ ನಡುಕ, ನಿಧಾನಗತಿ ಹೊಸದಾಗಿ ಬಂದಿದ್ದರೆ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಬೇಕು.

ಧೈರ್ಯದ ದಾರಿಗಳು

ಕಾಯಿಲೆಯ ಮುನ್ನಡೆಯನ್ನು ತಡೆದು ನಿಲ್ಲಿಸುವ ಔಷಧಿ ಇನ್ನೂ ಬಂದಿಲ್ಲ. ಮಾತ್ರೆಯ ಪ್ರಯೋಜನ ಏರುಪೇರಾದ ಕೆಲವರಿಗೆ ಮೆದುಳಿನೊಳಗೆ ತಂತಿಯಿರಿಸಿ ವಿದ್ಯುತ್ ಸ್ಪಂದನ ಕೊಡುವ ಶಸ್ತ್ರಚಿಕಿತ್ಸೆ ನೆರವಾಗುತ್ತದೆ. ಅದು ದುಬಾರಿ, ಎಲ್ಲರಿಗೂ ಹೊಂದುವುದೂ ಇಲ್ಲ. ಎಲ್ಲರ ಕೈಗೆಟಕುವುದು ವ್ಯಾಯಾಮ. ಬೆವರು ಬರುವಂತೆ ನಿಯಮಿತವಾಗಿ ನಡೆಯುವುದು ಔಷಧಿಯಷ್ಟೇ ಮುಖ್ಯವೆಂದು ತಜ್ಞರು ಹೇಳುತ್ತಾರೆ.

ಈ ಕಾಯಿಲೆಗೆ ಕೆಲವು ಸರಳ ಉಪಾಯಗಳಿವೆ. ಹೊಸ್ತಿಲ ಮುಂದೆ ಬಂದಾಗ ನನ್ನ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಅದನ್ನು ದಾಟುವ ನೆಪದಲ್ಲಿ ಹೆಜ್ಜೆ ಎದ್ದುಬಿಡುತ್ತದೆ! ನಮ್ಮ ಮನೆಯ ಪ್ರತಿ ಹೊಸ್ತಿಲ ಮುಂದೆಯೂ ಸೀಮೆಸುಣ್ಣದ ಮೂರು ಗೆರೆಗಳಿವೆ. ಮನಸ್ಸಿನಲ್ಲಿ ತಾಳ ಹಾಕಿಕೊಂಡರೂ ನಡಿಗೆ ಸುಧಾರಿಸುತ್ತದೆ. ದನಿ ಉಳಿಸಿಕೊಳ್ಳಲು ಗಟ್ಟಿಯಾಗಿ ಓದಬೇಕು. ಗಮಕಕ್ಕೆ ಹೆಸರಾದ ಹೊಸಹಳ್ಳಿ ಇರುವ ಜಿಲ್ಲೆಯಿದು. ಸಂಜೆ ಜಗಲಿಯಲ್ಲಿ ಕುಳಿತು ನಾನು ಕುಮಾರವ್ಯಾಸನನ್ನು ದನಿಯೆತ್ತಿ ಓದಿದರೆ ಇಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪಕ್ಕದ ಮನೆಯ ಮಕ್ಕಳು ಬಂದು ಕೂರುತ್ತಾರೆ.

ಧೈರ್ಯಕ್ಕೆ ದೂರದ ನಿದರ್ಶನಗಳೂ ಇವೆ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಬೆಳಗಿದ ಮಹಮ್ಮದ್ ಅಲಿಯ ಕೈ ಜಗತ್ತಿನ ಮುಂದೆ ನಡುಗುತ್ತಿತ್ತು. ಅದನ್ನು ಮರೆಮಾಚಲು ಆತ ಯತ್ನಿಸಲಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿಗೇ ಕಾಯಿಲೆ ಪತ್ತೆಯಾದ ನಟ ಮೈಕೆಲ್ ಜೆ. ಫಾಕ್ಸ್ 1998ರಲ್ಲಿ ಅದನ್ನು ಬಹಿರಂಗವಾಗಿ ಹೇಳಿ, 2000ದಲ್ಲಿ ಸಂಶೋಧನೆಗಾಗಿ ಪ್ರತಿಷ್ಠಾನ ಕಟ್ಟಿದರು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಕಾಯಿಲೆಯನ್ನು ಹೆಸರಿಸಿ ಸೇರಿಸಿಕೊಂಡಿದೆ. ಇದರಿಂದ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ನ್ಯೂನತೆ ಶೇ 40ರಷ್ಟಿದ್ದರೆ ಹಲವು ಸೌಲಭ್ಯಗಳಿಗೆ ಅರ್ಹತೆ ಸಿಗುತ್ತದೆ. ಇದು ಬಹಳ ಮಂದಿಗೆ ತಿಳಿದೇ ಇಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಉದ್ದೇಶ ನರರೋಗ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರುವುದು. ಅದರೊಡನೆ ಜಿಲ್ಲೆಗೊಂದು ರೋಗಿಗಳ ಕೂಟ, ಒಬ್ಬ ಫಿಸಿಯೊಥೆರಪಿಸ್ಟ್, ತಿಂಗಳಿಗೊಂದು ಸಭೆ ಇಷ್ಟು ಸೇರಿದರೆ ಮನೆಯ ಮೂಲೆ ಹಿಡಿದ ಎಷ್ಟೋ ಮಂದಿ ಹೊರಗೆ ಬಂದಾರು. ಅವರನ್ನು ನೋಡಿಕೊಳ್ಳುತ್ತಿರುವ ಹೆಂಡತಿ, ಮಗಳು, ಸೊಸೆಯರಿಗೂ ತುಸು ಉಸಿರಾಡುವ ಬಿಡುವು ಸಿಕ್ಕೀತು.

ನನ್ನಂತೆ ಈ ಕಾಯಿಲೆ ಇರುವವರಲ್ಲಿ ನನ್ನದೊಂದು ಬಿನ್ನಹ: ಮನೆಯವರಿಗೆ, ನೆರೆಯವರಿಗೆ, ಬಸ್ಸಿನವರಿಗೆ ಕಾಯಿಲೆಯ ಹೆಸರು ಹೇಳಿ. ಉಳಿದ ಓದುಗರಲ್ಲಿ ಇನ್ನೊಂದು: ಕೌಂಟರಿನ ಸಾಲಿನಲ್ಲಿ ನಿಮ್ಮ ಮುಂದೆ ನಿಂತವರು ಚೀಲದಿಂದ ಚಿಲ್ಲರೆ ತೆಗೆಯಲು ಒದ್ದಾಡುತ್ತಿದ್ದರೆ, ಕೈಯಿಂದ ಕಸಿದು ಎಣಿಸಿಕೊಡಬೇಡಿ, ಗಡಿಯಾರವನ್ನೂ ನೋಡಬೇಡಿ. ಅವರು ತಾವೇ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ.