ನಾಣ್ಯ ಕೆದಕಿದ ಹಂದಿ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ದೇವರ ಎತ್ತು ಸತ್ತರೆ ಅದರ ಚರ್ಮ ಸುಲಿಯುವುದಿಲ್ಲ. ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಹೇಗೋ ಹಾಗೆ ಗುಂಡಿ ತೋಡಿ, ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಇಲ್ಲಿನ ಮ್ಯಾಸಬೇಡ ಸಮುದಾಯದವರು ದೇವರಿಗೆ ಬಿಟ್ಟ ಈ ಎತ್ತುಗಳು ನೇಗಿಲಿಗೆ ಕತ್ತು ಕೊಟ್ಟವಲ್ಲ, ಗಾಡಿ ಎಳೆದವಲ್ಲ. ಕಾಯುವ ಕಿಲಾರಿಯ ಕೂಗು ಕೇಳಿಕೊಂಡು ಬಯಲಲ್ಲಿ ಮೇದು ಮುದಿಯಾದವು, ಅಷ್ಟೆ. ಬರ ಬಿದ್ದು ಮೇವು ಸಾಲದ ವರ್ಷ ಇವುಗಳ ಹೊಟ್ಟೆಗಾಗಿ ಊರೂರು ಹುಲ್ಲು ಹೊಂದಿಸುತ್ತದೆ. ಇದೇ ಮ್ಯಾಸಬೇಡರ ಕಟ್ಟುಪಾಡಿನಲ್ಲಿ ಕೋಳಿಯೂ ಹಂದಿಯೂ ವರ್ಜ್ಯ. ಎತ್ತಿಗೆ ಸಮಾಧಿ ಕಟ್ಟುವ ನೆಲದಲ್ಲಿ ಯಾರಾದರೂ ‘ನಾನು ಸಾಕಿ ಪಳಗಿಸಿದ್ದ ಹಂದಿ ಸತ್ತುಹೋಯಿತು’ ಎಂದು ಕಣ್ಣೊರೆಸಿಕೊಂಡರೆ ಕೇಳಿದವರಿಗೆ ಮೊದಲು ಬರುವುದು ನಗು. ಆ ನಗು ಸರಿಯಲ್ಲ ಎನ್ನುವುದು ನನ್ನ ವಾದ. ಆದರೆ ಹಂದಿಪ್ರಿಯರು ಸಾಮಾನ್ಯವಾಗಿ ಕೊಡುವ ಕಾರಣವೂ ಸರಿಯಲ್ಲ. ‘ಅದು ನಾಯಿಗಿಂತ ಜಾಣ, ಹೇಳಿದ್ದೆಲ್ಲ ಕಲಿಯುತ್ತದೆ, ಅದಕ್ಕೇ ಪ್ರೀತಿ’ ಎನ್ನುತ್ತಾರೆ. ಹೇಳಿದ್ದೆಲ್ಲ ಕಲಿಯುತ್ತದೆಯೇ? ಕಲಿಯುತ್ತದೆ, ನಿಜ. ಕಲಿತದ್ದನ್ನು ಆಮೇಲೆ ಏನು ಮಾಡುತ್ತದೆ ಎನ್ನುವುದರಲ್ಲೇ ಸ್ವಾರಸ್ಯವಿರುವುದು.

ಅಮೆರಿಕದ ಕೆಲ್ಲರ್ ಬ್ರೆಲ್ಯಾಂಡ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಪ್ರಾಣಿಗಳನ್ನು ಪಳಗಿಸುವುದನ್ನೇ ಕಸುಬು ಮಾಡಿಕೊಂಡವರು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಗರಡಿಯಿಂದ ಬಂದ ಇವರು 38 ಜಾತಿಗಳ 6,000ಕ್ಕೂ ಹೆಚ್ಚು ಪ್ರಾಣಿಗಳಿಗೆ ಪಾಠ ಹೇಳಿದ್ದರು. ಸರಿಯಾಗಿ ಮಾಡಿದರೆ ಒಂದು ತುತ್ತು, ಮತ್ತೆ ಮಾಡಿದರೆ ಮತ್ತೊಂದು ತುತ್ತು: ಈ ಸೂತ್ರದಿಂದ ಯಾವ ಪ್ರಾಣಿಗೆ ಏನು ಬೇಕಾದರೂ ಕಲಿಸಬಹುದು ಎಂದು ಆ ಕಾಲದ ಪಂಡಿತರು ನಂಬಿದ್ದರು. ಪ್ರದರ್ಶನವೊಂದಕ್ಕಾಗಿ ದಂಪತಿ ಹಂದಿಗೆ ಕಲಿಸಿದ್ದು ಇದು: ಮರದ ದೊಡ್ಡ ನಾಣ್ಯವನ್ನು ಬಾಯಲ್ಲಿ ಕಚ್ಚಿ ತರಬೇಕು, ಕೆಲವು ಅಡಿ ದೂರದಲ್ಲಿರುವ ಗೋಲಕದೊಳಕ್ಕೆ ಹಾಕಬೇಕು. ಹಂದಿ ಬೇಗ ಕಲಿತುಬಿಟ್ಟಿತು. ನಾಲ್ಕೈದು ನಾಣ್ಯಕ್ಕೆ ಒಂದೇ ತುತ್ತು ಎಂದರೂ ತಕರಾರಿಲ್ಲ. ಓಡಿಬಂದು ಕಚ್ಚುವುದು, ಓಡಿಹೋಗಿ ಹಾಕುವುದು. ಹೀಗೇ ಕೆಲವು ವಾರ ಕಳೆಯಿತು. ಆಮೇಲೆ ಹಂದಿ ನಡುದಾರಿಯಲ್ಲಿ ನಾಣ್ಯವನ್ನು ಬೀಳಿಸತೊಡಗಿತು. ಬೀಳಿಸಿ, ಮೂತಿಯಿಂದ ನೂಕಿ ಕೆದಕುತ್ತಿತ್ತು. ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ಮತ್ತೆ ಬೀಳಿಸುತ್ತಿತ್ತು, ಗಾಳಿಗೆ ಎಸೆಯುತ್ತಿತ್ತು, ಬಿದ್ದಲ್ಲಿ ಮತ್ತೆ ಕೆದಕುತ್ತಿತ್ತು. ಹಸಿವು ಸಾಲದೇನೋ ಎಂದು ಮೇವು ಕಡಿಮೆ ಮಾಡಿದರು. ಕೆದಕಾಟ ಇನ್ನೂ ಜೋರಾಯಿತು! ಕೊನೆಗೆ ನಾಲ್ಕು ನಾಣ್ಯಗಳನ್ನು ಆರು ಅಡಿ ಸಾಗಿಸಲು ಹತ್ತು ನಿಮಿಷ ಹಿಡಿಯಿತು; ದುಡಿದದ್ದು ಹೊಟ್ಟೆಗೂ ಸಾಲದಾಯಿತು. ಯಾವುದೋ ಒಂದು ಸೋಮಾರಿ ಹಂದಿಯ ಕಥೆ ಇದಲ್ಲ, ಒಂದಾದ ಮೇಲೊಂದು ಹಂದಿ ಹೀಗೇ ಮಾಡಿತು. ದಂಪತಿ ಸೋಲೊಪ್ಪಿಕೊಂಡು 1961ರಲ್ಲಿ ಲೇಖನ ಬರೆದರು. ಪಳಗಿಸಿದ ನಡತೆ ನಿಧಾನವಾಗಿ ಹುಟ್ಟುಗುಣದ ಕಡೆಗೆ ಜಾರುತ್ತದೆ ಎಂದು ಅದರಲ್ಲಿ ಹೇಳಿದರು. ಚಾಲುಕ್ಯರು ಹಂದಿಯನ್ನು ಲಾಂಛನ ಮಾಡಿಕೊಂಡರು, ವಿಜಯನಗರದ ಹೊನ್ನಿಗೆ ವರಾಹ ಎಂದೇ ಹೆಸರಾಯಿತು. ಹೀಗೆ ಹಂದಿಯನ್ನೇ ನಾಣ್ಯವಾಗಿಸಿದ ನಾಡಿನವರಾದ ನಮಗೆ, ನಾಣ್ಯವನ್ನು ಗೆಡ್ಡೆಯೆಂದು ತಿಳಿದು ಕೆದಕಿದ ಈ ಹಂದಿಯ ಮೇಲೆ ತುಸು ಹೆಚ್ಚೇ ಅಕ್ಕರೆ ಬರಬೇಕು.

ಏಕೆ ಕೆದಕಿತು? ಉತ್ತರಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ, ಚಳ್ಳಕೆರೆಯ ಶೇಂಗಾ ಹೊಲ ಸಾಕು. ಎಣ್ಣೆಮಿಲ್ಲುಗಳಿಂದ ಹೆಸರಾದ ಈ ಊರಿನ ಸುತ್ತ ಬೆಳೆಯುವ ಶೇಂಗಾ ಮಣ್ಣಿನೊಳಗೆ ಕಾಯಿ ಕಟ್ಟುವ ಬೆಳೆ. ಮೇಲಿಂದ ನೋಡಿದರೆ ಬರೀ ಸೊಪ್ಪು. ಕಾಡುಹಂದಿ ರಾತ್ರಿ ಬಂದು ಹೋದ ಹೊಲದಲ್ಲಿ ಸಾಲು ಸಾಲಾಗಿ ಮಣ್ಣು ಮೇಲೆದ್ದಿರುತ್ತದೆ, ಸಿಪ್ಪೆ ಚೆಲ್ಲಿರುತ್ತದೆ. ಈ ಕೆಲಸ ಮಾಡುವ ಮೂತಿ ಸಾಮಾನ್ಯದ್ದಲ್ಲ. ಅದರ ತುದಿಯ ದುಂಡನೆಯ ಬಿಲ್ಲೆಯ ಹಿಂದೆ, ಬೇರೆ ಹೆಚ್ಚಿನ ಪ್ರಾಣಿಗಳಲ್ಲಿಲ್ಲದ ಒಂದು ಪುಟ್ಟ ಮೂಳೆ ಆಸರೆಯಾಗಿ ನಿಂತಿದೆ. ಹಾಗಾಗಿ ಮೂತಿ ಗುದ್ದಲಿಯಷ್ಟು ಗಟ್ಟಿ. ಬಿಲ್ಲೆಯ ಚರ್ಮದಲ್ಲಿ ಸ್ಪರ್ಶದ ನರಗಳು ಒತ್ತಾಗಿ ನೆರೆದಿರುವುದರಿಂದ ಅದೇ ಗುದ್ದಲಿ ಬೆರಳ ತುದಿಯಷ್ಟು ಸೂಕ್ಷ್ಮವೂ ಹೌದು. ಒಳಗೆ ವಾಸನೆ ಹಿಡಿಯುವ ಗ್ರಾಹಕಗಳಿಗಾಗಿ ಸಾವಿರಕ್ಕೂ ಮಿಕ್ಕಿ ವಂಶವಾಹಿಗಳು ಕೆಲಸ ಮಾಡುತ್ತವೆ. ಮನುಷ್ಯನಲ್ಲಿ ಇರುವುದು ಸುಮಾರು ನಾನೂರು. ಅಗೆಯುವ ಹಾರೆ, ತಡವುವ ಕೈ, ಮೂಸುವ ಮೂಗು, ಮೂರೂ ಒಂದೇ ಕಡೆ. ನೆಲಕ್ಕೆ ಬಿದ್ದ ಗಟ್ಟಿ ಪದಾರ್ಥವೊಂದು ತುತ್ತಿನ ಜೊತೆ ಮತ್ತೆ ಮತ್ತೆ ತಳಕು ಹಾಕಿಕೊಂಡರೆ ಹಂದಿಗೆ ಅದು ನಾಣ್ಯವಾಗಿ ಉಳಿಯದೆ ತಿನಿಸೇ ಆಗುತ್ತದೆ. ತಿನಿಸು ಕಂಡರೆ ಕೆದಕಬೇಕು.

ಹಾಗಾದರೆ ಹಂದಿ ಹುಟ್ಟುಗುಣಕ್ಕೆ ಜೋತುಬಿದ್ದ ಮಂಕು ಪ್ರಾಣಿ ಎಂದಾಯಿತಲ್ಲ ಎಂದು ಆಕ್ಷೇಪಿಸಬಹುದು. ಹಾಗಲ್ಲ ಎನ್ನುವುದಕ್ಕೆ ಸಾಕ್ಷಿಯೂ ಮೂತಿಯದೇ. ಕ್ಯಾಂಡೇಸ್ ಕ್ರೋನಿ ಮತ್ತು ಸಾರಾ ಬಾಯ್ಸನ್ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹ್ಯಾಮ್ಲೆಟ್, ಆಮ್ಲೆಟ್, ಎಬೊನಿ, ಐವರಿ ಎಂಬ ನಾಲ್ಕು ಹಂದಿಗಳು ವಿಡಿಯೊ ಆಟದ ಜಾಯ್‌ಸ್ಟಿಕ್ಕನ್ನು ಮೂತಿಯಿಂದ ತಿರುಗಿಸಿ ಪರದೆಯ ಮೇಲಿನ ಚುಕ್ಕೆಯನ್ನು ಗುರಿಗೆ ಮುಟ್ಟಿಸಿದವು. ಮಂಗಗಳ ಕೈಗೆಂದು ಮಾಡಿದ ಸಾಧನವದು. ಹಂದಿಯ ಕಣ್ಣು ಹತ್ತಿರದ್ದಕ್ಕೆ ಅಷ್ಟು ಚುರುಕಲ್ಲ. ಆದರೂ ತಾವು ಇಲ್ಲಿ ತಳ್ಳಿದರೆ ಅಲ್ಲಿ ಏನೋ ಚಲಿಸುತ್ತದೆ ಎನ್ನುವ ನಂಟು ಅವಕ್ಕೆ ಹೊಳೆಯಿತು. ತಿನಿಸು ಕೊಡುವ ಯಂತ್ರ ಕೆಟ್ಟಾಗಲೂ ಸಾಕಿದವರ ಹುರಿದುಂಬಿಸುವ ಮಾತಿಗೇ ಆಟ ಮುಂದುವರಿಸಿದವು ಎಂದು ಸಂಶೋಧಕರು ದಾಖಲಿಸಿದ್ದಾರೆ. ನಾಣ್ಯದ ಲೆಕ್ಕಾಚಾರಕ್ಕೆ ಹಿಡಿಯದ ಸಂಗತಿ ಇದು. 1980ರ ದಶಕದಲ್ಲಿ ಜರ್ಮನಿಯ ಲೋಯರ್ ಸ್ಯಾಕ್ಸನಿ ಪೊಲೀಸರು ಲೂಯಿಸೆ ಎಂಬ ಹೆಣ್ಣು ಕಾಡುಹಂದಿಯನ್ನು ಮಾದಕವಸ್ತು, ಸ್ಫೋಟಕಗಳ ಪತ್ತೆಗೆ ಪಳಗಿಸಿದ್ದರು. ನೆಲದಲ್ಲಿ ಹೂತಿಟ್ಟದ್ದನ್ನು ಹುಡುಕುವುದರಲ್ಲಿ ಅವಳದು ಎತ್ತಿದ ಕೈ, ಅಲ್ಲ, ಎತ್ತಿದ ಮೂತಿ. ಲೂಯಿಸೆಗೆ ಕೊಟ್ಟ ಕೆಲಸ ಮೂತಿಗೆ ಒಪ್ಪುವಂಥದ್ದು. ನಾಣ್ಯದ ಹಂದಿಗೆ ಕೊಟ್ಟದ್ದು ಮೂತಿಗೆ ಅಡ್ಡಬರುವಂಥದ್ದು. ಪಾಠ ಮಾಡಿದವರ ಜಾಣ್ಮೆಯಲ್ಲಿ ವ್ಯತ್ಯಾಸವಿರಲಿಲ್ಲ.

ಇಲ್ಲಿ ಹಂದಿಪ್ರಿಯರಿಗೂ ಒಂದು ಗದರಿಕೆ ಅಗತ್ಯ. ‘ಹಂದಿಗೆ ಮೂರು ವರ್ಷದ ಮಗುವಿನಷ್ಟು ಬುದ್ಧಿ’ ಎಂಬ ಮಾತು ಪತ್ರಿಕೆಯಿಂದ ಪತ್ರಿಕೆಗೆ ಹಾರುತ್ತಿರುತ್ತದೆ. ಮಗು ಶೇಂಗಾ ಮೂಸಿ ತೆಗೆಯುವುದಿಲ್ಲ, ಹಂದಿ ಅಜ್ಜಿಗೆ ಚಾಡಿ ಹೇಳುವುದಿಲ್ಲ. ಯಾವ ತಕ್ಕಡಿಯಲ್ಲಿ ತೂಗಿದರೋ! 2009ರಲ್ಲಿ ಕೇಂಬ್ರಿಜ್‌ನ ಡೊನಾಲ್ಡ್ ಬ್ರೂಮ್ ತಂಡ, ಕನ್ನಡಿಯ ಪರಿಚಯವಾದ ಎಂಟು ಹಂದಿಮರಿಗಳಲ್ಲಿ ಏಳು ಅದರಲ್ಲಿ ಕಂಡ ತಿನಿಸಿನ ಬಟ್ಟಲು ನಿಜವಾಗಿ ಎಲ್ಲಿದೆಯೋ ಅಲ್ಲಿಗೇ ಹೋದವು ಎಂದು ವರದಿ ಮಾಡಿತು. ಐದು ವರ್ಷದ ನಂತರ ನೆದರ್ಲೆಂಡ್ಸ್‌ನಲ್ಲಿ ಅದೇ ಪ್ರಯೋಗ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಮೊದಲನೆಯದಕ್ಕೆ ಸಿಕ್ಕ ಪ್ರಚಾರದ ಕಾಲುಭಾಗವೂ ಎರಡನೆಯದಕ್ಕೆ ಸಿಕ್ಕಿಲ್ಲ. ಕನ್ನಡಿ ಕಣ್ಣಿನ ಪರೀಕ್ಷೆ. ಮೂಗಿನಿಂದ ಲೋಕ ಕಾಣುವ ಪ್ರಾಣಿ ಅದರಲ್ಲಿ ಪಾಸಾದರೆ ಸಂತೋಷ, ಫೇಲಾದರೆ ಅದರ ಮಾನ ಹೋಗುವುದಿಲ್ಲ.

ಇನ್ನು ಕೊಳಕಿನ ಆಕ್ಷೇಪ. ಚರಂಡಿಯಲ್ಲಿ ಹೊರಳುವ, ಹೇಲು ತಿನ್ನುವ ಪ್ರಾಣಿಯ ಮೇಲೆ ಎಂಥ ಮಮತೆ ಎನ್ನುವವರು ಬಹಳ. ಹಂದಿಗೆ ಬೆವರಿನ ಗ್ರಂಥಿಗಳು ಅತ್ಯಲ್ಪ. ಬಯಲುಸೀಮೆಯ ಬೇಸಿಗೆಯಲ್ಲಿ ಮೈ ತಣಿಸಿಕೊಳ್ಳಲು ಅದಕ್ಕಿರುವ ಉಪಾಯ ಕೆಸರು. ಮೈಗೆ ಮೆತ್ತಿದ ಕೆಸರು ಬರೀ ನೀರಿಗಿಂತ ಹೆಚ್ಚು ಹೊತ್ತು ಆರುತ್ತಾ ತಂಪು ಕೊಡುತ್ತದೆ. ನಾವು ಕೆರೆ ಹೂಳಿಸಿ ಚರಂಡಿ ಉಳಿಸಿದ್ದೇವೆ, ಅದು ಚರಂಡಿಗೆ ಇಳಿದಿದೆ. ಜಾಗ ಕೊಟ್ಟು ನೋಡಿ, ಹಂದಿ ಮಲಗುವಲ್ಲಿ ಹೊಲಸು ಮಾಡುವುದಿಲ್ಲ. ಹುಟ್ಟಿ ಕೆಲವೇ ದಿನವಾದ ಮರಿಗಳೂ ಗೂಡು ಬಿಟ್ಟು ಆಚೆ ಹೋಗುತ್ತವೆ. ಲಾಡಿಹುಳುವಿನ ವಿಷಯದಲ್ಲಂತೂ ನಮ್ಮ ತಿಳಿವಳಿಕೆ ಪೂರ್ತಿ ತಲೆಕೆಳಗು. ಬೆಳೆದ ಲಾಡಿಹುಳು ಇರುವುದು ಮನುಷ್ಯನ ಕರುಳಿನಲ್ಲಿ. ಅದರ ಮೊಟ್ಟೆ ಹೊರಬರುವುದು ಮನುಷ್ಯನ ಮಲದಲ್ಲಿ. ಬಯಲಲ್ಲಿ ಬಿದ್ದ ಅದನ್ನು ತಿಂದ ಹಂದಿಯ ಮಾಂಸದಲ್ಲಿ ಮರಿಹುಳು ಕೋಶ ಕಟ್ಟುತ್ತದೆ. ಅದೇ ಮೊಟ್ಟೆ ತೊಳೆಯದ ಕೈಯಿಂದಲೋ ಹಸಿ ಸೊಪ್ಪಿನಿಂದಲೋ ನಮ್ಮ ಹೊಟ್ಟೆ ಸೇರಿದರೆ ಮೆದುಳಿನಲ್ಲಿ ಕೋಶ ಕಟ್ಟಿ ಫಿಟ್ಸ್ ತರುತ್ತದೆ. ಜೀವಮಾನದಲ್ಲಿ ಹಂದಿ ಮಾಂಸ ಮುಟ್ಟದ ಶುದ್ಧ ಸಸ್ಯಾಹಾರಿಗೂ ಇದು ಬರಬಹುದು. ಹಂದಿಗೆ ರೋಗ ಕೊಟ್ಟವರು ನಾವು, ಹೆಸರು ಕೆಟ್ಟದ್ದು ಅದರದ್ದು. ಅದನ್ನು ಸಾಕಿ ಬದುಕಿದ ಕೊರಮ, ಕೊರಚ ಜನರ ತಲೆಗೂ ಅದೇ ಕೊಳಕಿನ ಮಾತು ಕಟ್ಟಿದೆವು. ವರಾಹಸ್ವಾಮಿಗೆ ಕೈಮುಗಿಯುತ್ತಲೇ ಕಟ್ಟಿದೆವು. ಒಂದು ಮಾತು ಮಾತ್ರ ಆಕ್ಷೇಪ ಎತ್ತುವವರ ಪರ ಒಪ್ಪಬೇಕು: ಜಪಾನೀಸ್ ಮೆದುಳುಜ್ವರದ ವೈರಸ್ ಹಂದಿಯ ಮೈಯಲ್ಲಿ ಹೇರಳವಾಗಿ ವೃದ್ಧಿಯಾಗುತ್ತದೆ, ಸೊಳ್ಳೆ ಅದನ್ನು ಮಕ್ಕಳಿಗೆ ಮುಟ್ಟಿಸುತ್ತದೆ. ಹಂದಿಗೂಡು ಮನೆಗಳಿಂದ ದೂರವಿರಬೇಕು ಎನ್ನುವುದು ಇದಕ್ಕಾಗಿ, ಮೈಲಿಗೆಯ ಕಾರಣಕ್ಕಲ್ಲ.

ದೇವರ ಎತ್ತಿನ ದುಃಖ ದೇವರಿಗೆ ಸಂಬಂಧಿಸಿದ್ದು, ಅದಕ್ಕೂ ಸಾಕುಹಂದಿಯ ದುಃಖಕ್ಕೂ ಹೋಲಿಕೆ ಸಲ್ಲದು ಎಂದೂ ವಾದಿಸಬಹುದು. ಆದರೆ ಪ್ರಾಣಿಗಾಗಿ ಮನುಷ್ಯ ಮರುಗಿದ್ದಕ್ಕೆ ಕನ್ನಡ ನಾಡಿನಲ್ಲಿ ದೇವರ ನೆಪವಿಲ್ಲದ ಸಾಕ್ಷಿಯೂ ಇದೆ. ಕ್ರಿ.ಶ. 950ರ ಹೊತ್ತಿನ ಆತಕೂರಿನ ಕಲ್ಲು ಮಣಲೇರನೆಂಬ ವೀರ ತನ್ನ ನಾಯಿಗೆ ನಿಲ್ಲಿಸಿದ್ದು. ತಕ್ಕೋಲದ ಯುದ್ಧದ ಶೌರ್ಯಕ್ಕೆ ಮೆಚ್ಚಿ ಗಂಗ ದೊರೆ ಬೂತುಗ ಏನು ಬೇಕು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಒಟ್ಟಿಗೆ ಸತ್ತವು. ಕಲ್ಲಿನಲ್ಲಿ ಎರಡೂ ಎದುರುಬದುರು ನಿಂತಿವೆ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಾಯಿಗೆ ಹೆಸರಿದೆ, ಪೂಜೆಯ ವ್ಯವಸ್ಥೆಯಿದೆ. ಅಷ್ಟೇ ಧೈರ್ಯದಿಂದ ಕಾದಿ ಸತ್ತ ಹಂದಿಗೆ ಹೆಸರೂ ಇಲ್ಲ. ಶೌರ್ಯ ಕಡಿಮೆಯಾದದ್ದಕ್ಕಲ್ಲ, ಅದನ್ನು ಕರೆದು ಕೂಳು ಹಾಕಿದವರು ಯಾರೂ ಇರಲಿಲ್ಲವೆಂಬುದಕ್ಕೆ. ಇನ್ನು ಹಂದಿಗಳಿಗೇ ಸಾವಿನ ಅರಿವುಂಟೆ? 2017ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಎಂಟು ವರ್ಷದ ಹುಡುಗನೊಬ್ಬ, ಹಂದಿಯ ದೂರದ ನೆಂಟನಾದ ಪೆಕ್ಕರಿಯ ಹೆಣದ ಬಳಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿಟ್ಟ. ಗುಂಪಿನ ಉಳಿದವು ಹತ್ತು ದಿನ ಅಲ್ಲಿಗೆ ಬಂದುಹೋದವು. ಮೂಸಿದವು, ಮೂತಿ ಹಾಕಿ ಎಬ್ಬಿಸಲು ನೋಡಿದವು, ಪಕ್ಕದಲ್ಲಿ ಮಲಗಿದವು, ತಿನ್ನಬಂದ ಕಾಯೋಟಿಗಳನ್ನು ಓಡಿಸಿದವು. ವಿಜ್ಞಾನಿಗಳ ಜೊತೆ ಸೇರಿ ಅವನು ಮಾಡಿದ ಆ ದಾಖಲೆ ಸಂಶೋಧನ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದನ್ನು ಶೋಕ ಎನ್ನಲು ವಿಜ್ಞಾನ ಹಿಂಜರಿಯುತ್ತದೆ, ಹಿಂಜರಿಯಲೂಬೇಕು. ಆದರೆ ಸತ್ತ ಜೊತೆಗಾರನ ಮೇಲೂ ಅವು ಪ್ರಯೋಗಿಸಿದ್ದು ಅದೇ ಮೂತಿಯನ್ನು ಎನ್ನುವುದು ಗಮನಿಸುವಂಥದ್ದು.

ಹಾಗೆಂದು ಯಾರೂ ನಾಳೆಯೇ ಹಂದಿಮರಿ ತರಲು ಹೊರಡಬೇಡಿ. ವಿದೇಶಗಳಲ್ಲಿ ‘ಟೀಕಪ್ ಹಂದಿ’ ಎಂದು ಅಂಗೈಯಗಲದ ಮರಿಗಳನ್ನು ಮಾರುವ ಮೋಸವಿದೆ. ದೊಡ್ಡದಾದಾಗ ಅದು ಮನುಷ್ಯನಷ್ಟು ತೂಗುತ್ತದೆ, ಮನೆಯಂಗಳ ಉತ್ತು ಹಾಕುತ್ತದೆ, ಬೀದಿಪಾಲಾಗುತ್ತದೆ. ಹ್ಯಾಮ್ಲೆಟ್ ಮತ್ತು ಆಮ್ಲೆಟ್‌ರನ್ನು ಸಹ 12 ವಾರಕ್ಕೇ ಪ್ರಯೋಗದಿಂದ ಬಿಡಬೇಕಾಯಿತು. ಬೆಳೆದ ಮೈಗೆ ಆ ಕಟಕಟೆ ಸಾಲದಾಗಿತ್ತು. ಚೆನ್ನಾಗಿ ನೋಡಿಕೊಂಡ ಹಂದಿ 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಸಾಕಲಾಗದಿದ್ದರೂ ದಯೆ ತೋರಬಹುದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನ, ತಂದೆತಾಯಿಗಳ ಮಾತು ಕೇಳಿ, ಸತ್ಯ ನುಡಿಯಿರಿ ಎನ್ನುವುದರ ಜೊತೆಗೇ ಪ್ರಾಣಿಗಳ ಮೇಲೆ ದಯೆ ಇರಲಿ ಎನ್ನುತ್ತದೆ. ಅದೇ ದೊರೆ ಉತ್ತರ ಭಾರತದ ಕಂಬಗಳ ಮೇಲೆ ಕೊರೆಸಿದ ಆಜ್ಞೆಯಲ್ಲಿ ಹಂದಿಯ ಪ್ರಸ್ತಾಪವೇ ಇದೆ: ಗಬ್ಬದ ಹಂದಿಯನ್ನು, ಮೊಲೆಯೂಡುವ ಹಂದಿಯನ್ನು, ಆರು ತಿಂಗಳು ತುಂಬದ ಮರಿಯನ್ನು ಕೊಲ್ಲಕೂಡದು. ಇಂದಿನ ಫಾರಂಗಳಲ್ಲಿ ಹಂದಿ ನೂರು ಕಿಲೊ ತೂಕಕ್ಕೆ ಬಂದು ಕಸಾಯಿಖಾನೆಗೆ ಹೋಗುವುದು ಹೆಚ್ಚುಕಡಿಮೆ ಆರನೆಯ ತಿಂಗಳಿಗೆ.