ತುಂಗಭದ್ರೆಯ ಕೆಳದಂಡೆ ಮತ್ತು ಉದ್ಯಮದ ಪರಿಸರ ಹೊಣೆ

ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಹರಿಯುವ ತುಂಗಭದ್ರೆಯೇ ಗದಗ-ಬೆಟಗೇರಿಯ ಕುಡಿಯುವ ನೀರಿನ ಮುಖ್ಯ ಆಧಾರ. ನದಿಯ ಮೇಲ್ಭಾಗದ ಕುಮಾರಪಟ್ಟಣದಲ್ಲಿ, ನಾರು, ಸಿಮೆಂಟು ಮೊದಲಾದ ಹಲವು ಉತ್ಪನ್ನಗಳ ಗ್ರಾಸಿಂ ಸಂಸ್ಥೆಗೆ ಸೇರಿದ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಆರಂಭವಾಯಿತು. ಕೃತಕ ನಾರಿಗಾಗಿ ಮರದ ತಿರುಳು ತಯಾರಿಸುವ ಈ ಉದ್ಯಮಕ್ಕೆ ಕಾಡೂ ಬೇಕು, ನದಿಯೂ ಬೇಕು. 1980ರ ದಶಕದಲ್ಲಿ ನದಿಯ ಮೀನುಗಳ ಸಾವು ಕೆಳದಂಡೆಯ ಜನರನ್ನು ಎಚ್ಚರಿಸಿತು. ಸಂಸ್ಥೆಯೂ ಸರ್ಕಾರವೂ ಕೂಡಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಯಲು ಊರೊಟ್ಟಿನ ಭೂಮಿ ಕೊಟ್ಟುದನ್ನು ವಿರೋಧಿಸಿ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಆದುದರಿಂದ ಪರಿಸರ ನಿರ್ವಹಣೆಯು ಕಾರ್ಖಾನೆಯ ಆವರಣದೊಳಗೆ ಮುಗಿಯುವ ಕಾರ್ಯವಲ್ಲ. ಮರ ಬೆಳೆಯುವ ನೆಲದಿಂದ ತ್ಯಾಜ್ಯಜಲ ಸೇರುವ ಕೆಳದಂಡೆಯವರೆಗೂ ಅದರ ಲೆಕ್ಕ ನಡೆಯಬೇಕು.