ಕಪ್ಪೆಚಿಪ್ಪಿಗೂ ನೋವುಂಟೆ?

ಪ್ರಾಣಿಗಳಿಗೆ ಹಿಂಸೆಯಾಗಬಾರದೆಂದು ಹಾಲು, ಜೇನನ್ನೂ ಬಿಟ್ಟವರು ‘ವೀಗನ್’ಗಳು. ಅಂಥವರು ಕಪ್ಪೆಚಿಪ್ಪಿನ ಮಾಂಸ ತಿನ್ನಬಹುದೆ? ಪ್ರಶ್ನೆ ವಿಚಿತ್ರವೆನಿಸೀತು. ಆದರೆ ದೊಡ್ಡ ಚಿಂತಕರೂ ಇಲ್ಲಿ ತಡವರಿಸಿದ್ದಾರೆ.

ಆಸ್ಟ್ರೇಲಿಯದ ಪೀಟರ್ ಸಿಂಗರ್ 1975ರ ‘ಅನಿಮಲ್ ಲಿಬರೇಷನ್’ ಕೃತಿಯಲ್ಲಿ ಸಿಗಡಿಗೂ ಆಯ್ಸ್ಟರ್ ಎಂಬ ಚಿಪ್ಪುಜೀವಿಗೂ ನಡುವೆ ಗೆರೆ ಎಳೆದು, ಆಯ್ಸ್ಟರ್ ತಿನ್ನಬಹುದೆಂದರು. 1990ರ ಆವೃತ್ತಿಯಲ್ಲಿ ಮನಸ್ಸು ಬದಲಿಸಿದರು. ನೋವಿಲ್ಲವೆಂಬ ಖಾತ್ರಿಯಿಲ್ಲದಾಗ ಬಿಡುವುದೇ ಲೇಸು ಎಂಬುದು ಆಗ ಅವರ ವಾದವಾಗಿತ್ತು.

ಏಡಿ, ಸಿಗಡಿಗಳನ್ನು ಬ್ರಿಟನ್ನಿನ 2022ರ ಕಾಯ್ದೆ ಸಂವೇದನೆಯುಳ್ಳ ಪ್ರಾಣಿಗಳೆಂದು ಒಪ್ಪಿದೆ. ಆಯ್ಸ್ಟರ್, ನಮ್ಮ ಕರಾವಳಿಯ ಮರುವಾಯಿಯಂಥ ಎರಡು ಚಿಪ್ಪಿನ ಜೀವಿಗಳು ಆ ಪಟ್ಟಿಯಲ್ಲಿಲ್ಲ. ಅವಕ್ಕೆ ಮಿದುಳಿಲ್ಲ, ಇರುವುದು ಕೆಲವು ನರಗಂಟುಗಳಷ್ಟೆ. ಮುಟ್ಟಿದರೆ ಚಿಪ್ಪು ಮುಚ್ಚಿಕೊಳ್ಳುತ್ತವೆ. ಅದು ನೋವೋ, ಮುಟ್ಟಿದರೆ ಮುನಿ ಗಿಡದಂತೆ ಬರೀ ಪ್ರತಿಕ್ರಿಯೆಯೋ?

ಜೈನರು ಶಂಖ, ಚಿಪ್ಪುಗಳ ಜೀವಿಗಳಿಗೆ ಸ್ಪರ್ಶ, ರುಚಿ ಎಂಬ ಎರಡೇ ಇಂದ್ರಿಯಗಳೆಂದು ಎಣಿಸಿದರು, ಆದರೂ ಕೊಲ್ಲಬಾರದೆಂದರು.

‘ಪ್ರಾಣಿಯನ್ನು ತಿನ್ನಬಾರದು’ ಎಂಬುದೇ ನಿಯಮವಾದರೆ ಮರುವಾಯಿಯೂ ವರ್ಜ್ಯ. ‘ನೋಯಿಸಬಾರದು’ ಎಂದಾದರೆ ವಾದಕ್ಕೆ ಎಡೆಯಿದೆ. ಮಕ್ಕಳು ಊಟದ ಹೊತ್ತಿಗೆ ಇಂಥದ್ದನ್ನು ಕೇಳಿದರೆ ಗದರಬೇಡಿ. ನೀವು ಪಾಲಿಸುವ ನಿಯಮಕ್ಕೆ ಕಾರಣವೇನೆಂದು ಅವರೊಡನೆ ಕೂತು ಯೋಚಿಸಿ.